ತಡವಾಗಿ ಉತ್ತರಿಸುವ ಗ್ರಹ

ಗಣಕದ ಆಟವೊಂದರಲ್ಲಿ ನನಗೆ ಸಿಕ್ಕ ಗ್ರಹದ ಗಾಳಿಯಲ್ಲಿ ಆಮ್ಲಜನಕ ಸಾಲದೆಂದು ಅದನ್ನು ತಯಾರಿಸುವ ಆರು ಯಂತ್ರಗಳನ್ನು ತಂದು ನೆಲದ ಮೇಲೆ ಕೂರಿಸಿದೆ. ಒಂದೇ ಸಾಕಿತ್ತೇನೋ. ಆದರೆ ಸಮುದ್ರದಲ್ಲಿ ಏಕಕೋಶಜೀವಿಗಳು ಹುಟ್ಟಿ ಕೋಟ್ಯಂತರ ವರ್ಷಗಳಾಗಿದ್ದರೂ ನೆಲ ಬೋಳಾಗಿಯೇ ಉಳಿದಿತ್ತು, ಮತ್ತು ಕಾಯುವ ವ್ಯವಧಾನ ನನಗಿರಲಿಲ್ಲ. ಮೊದಲ ಯಂತ್ರವನ್ನು ಇಟ್ಟು ನೋಡಿದೆ; ಪರದೆಯ ಮೇಲಿನ ಅಂಕಿ ಮಿಸುಕಲಿಲ್ಲ. ಎರಡನೆಯದನ್ನು ಇಟ್ಟೆ, ಮೂರನೆಯದನ್ನೂ ಇಟ್ಟೆ. ಆರನೆಯದು ಮುಗಿಯುವಷ್ಟರಲ್ಲಿ ಅಂಕಿ ಏರತೊಡಗಿತು, ನಾನು ಬೆನ್ನು ಚಾಚಿ ಕುಳಿತೆ. ಕಾಡುಗಳು ಹಬ್ಬಿದವು. ಸ್ವಲ್ಪ ಹೊತ್ತಿಗೆ ಅದೇ ಕಾಡುಗಳ ನಡುವೆ ಕೆಂಪು ಚುಕ್ಕೆಗಳು ಕಾಣಿಸಿಕೊಂಡವು. ಆಮ್ಲಜನಕ ಹೆಚ್ಚಾದ ಗಾಳಿಯಲ್ಲಿ ಒಂದು ಕಿಡಿ ಸಾಕು; ಭೂಖಂಡದ ಒಂದು ಅಂಚಿನಲ್ಲಿ ಹೊತ್ತಿದ್ದು ಇನ್ನೊಂದು ಅಂಚಿನವರೆಗೆ ಉರಿದುಹೋಯಿತು.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಕಾಡು ಉರಿದು ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡ್‌ನಿಂದ ಗ್ರಹ ಬಿಸಿಯಾಗುತ್ತಿದೆ ಎಂದುಕೊಂಡು ಹಸಿರುಮನೆ ಪರಿಣಾಮವನ್ನು, ಅಂದರೆ ಗಾಳಿ ಬಿಸಿಯನ್ನು ಹಿಡಿದಿಡುವುದನ್ನು, ಏರಿಳಿಸುವ ಪಟ್ಟಿಯನ್ನು ಕೆಳಕ್ಕೆಳೆದೆ. ತಾಪ ಕೂಡಲೇ ಇಳಿಯಲಿಲ್ಲ. ಇನ್ನಷ್ಟು ಎಳೆದೆ. ಬಿಸಿ ಕಳೆಯಿತು ಎಂದು ಸಮಾಧಾನಪಡುವಷ್ಟರಲ್ಲಿ ಎರಡೂ ಧ್ರುವಗಳಿಂದ ಬಿಳುಪು ತೆವಳಿಕೊಂಡು ಬಂತು. ಆ ಗ್ರಹವನ್ನು ಹಾಗೆಯೇ ಮಂಜುಗಡ್ಡೆಯಾಗಲು ಬಿಟ್ಟು ಗಣಕವನ್ನು ಮುಚ್ಚಿದೆ.

ಈ ಆಟದ ಹೆಸರು ಸಿಮ್‌ಅರ್ತ್. 1990ರಲ್ಲಿ ಮ್ಯಾಕ್ಸಿಸ್ ಸಂಸ್ಥೆ ಹೊರತಂದ ಇದನ್ನು ರೂಪಿಸಿದವರು ವಿಲ್ ರೈಟ್. ನಗರ ಕಟ್ಟುವ ಸಿಮ್‌ಸಿಟಿ ಆಟದಿಂದ ಅವರು ಅದಕ್ಕೆ ಹಿಂದಿನ ವರ್ಷವಷ್ಟೇ ಹೆಸರಾಗಿದ್ದರು. ಆಟಕ್ಕೆ ಸಲಹೆಗಾರರಾಗಿ ನಿಂತವರು ಬ್ರಿಟನ್ನಿನ ವಿಜ್ಞಾನಿ ಜೇಮ್ಸ್ ಲವ್‌ಲಾಕ್. ಆಟಗಾರನಿಗೆ ಒಂದು ಗ್ರಹವನ್ನೂ ಒಂದಿಷ್ಟು ಶಕ್ತಿಯ ಬಂಡವಾಳವನ್ನೂ ಕೊಡುತ್ತಾರೆ. ಜ್ವಾಲಾಮುಖಿಗಳು ಎಷ್ಟು ಉಗುಳಬೇಕು, ಭೂಖಂಡಗಳು ಎಷ್ಟು ವೇಗವಾಗಿ ಸರಿಯಬೇಕು, ಗ್ರಹದ ಅಕ್ಷ ಎಷ್ಟು ವಾಲಿರಬೇಕು, ಮೋಡ ಎಷ್ಟು ಬೆಳಕನ್ನು ಹಿಂದಕ್ಕೆ ಕಳಿಸಬೇಕು, ಜೀವಿಗಳು ಎಷ್ಟು ಬೇಗ ಬದಲಾಗಬೇಕು ಎಂಬ ಎಲ್ಲಕ್ಕೂ ಏರಿಳಿಸುವ ಪಟ್ಟಿಗಳಿವೆ. ಕಾಲ ನಾಲ್ಕು ಹೆಜ್ಜೆಗಳಲ್ಲಿ ಸಾಗುತ್ತದೆ: ಭೂವೈಜ್ಞಾನಿಕ ಯುಗ, ವಿಕಾಸದ ಯುಗ, ನಾಗರಿಕತೆಯ ಯುಗ, ತಂತ್ರಜ್ಞಾನದ ಯುಗ. ಮೊದಲ ಹಂತದಲ್ಲಿ ಕಣ್ಣು ಮಿಟುಕಿಸಿದರೆ ಲಕ್ಷಾಂತರ ವರ್ಷಗಳು ಕಳೆದುಹೋಗುತ್ತವೆ. ಕೊನೆಯದರಲ್ಲಿ ವರ್ಷಗಳನ್ನು ಒಂದೊಂದಾಗಿ ಎಣಿಸಬಹುದು. ಶತ್ರು ಎಂಬುದಿಲ್ಲ. ಗೆಲುವು ಎಂದು ಕರೆಯಬಹುದಾದದ್ದೂ ಹೆಚ್ಚೇನಿಲ್ಲ. ಸೂರ್ಯ ಮಾತ್ರ ನಿಧಾನವಾಗಿ ಪ್ರಖರವಾಗುತ್ತಲೇ ಇರುತ್ತಾನೆ, ಕೊನೆಗೊಂದು ದಿನ ಯಾರು ಏನು ಮಾಡಿದರೂ ಸಮುದ್ರಗಳು ಕುದಿಯುತ್ತವೆ. ಅಲ್ಲಿಯವರೆಗೆ ಜೀವವನ್ನು ಉಳಿಸಿಕೊಳ್ಳಬೇಕು, ಅಷ್ಟೆ.

ಮೂವತ್ತು ವರ್ಷ ದಾಟಿದ ಆಟವಾದ್ದರಿಂದ ಚಿತ್ರಗಳು ಒರಟು, ಶಬ್ದ ಇನ್ನೂ ಒರಟು. ಗ್ರಹಕ್ಕೊಂದು ಮುಖವನ್ನು ಬರೆದು, ಅದರ ಸ್ಥಿತಿಗೆ ತಕ್ಕಂತೆ ನಗಿಸುವ, ಮುಖ ಗಂಟಿಕ್ಕಿಸುವ ಒಂದು ಪುಟ್ಟ ಕಿಟಕಿಯೂ ಇದೆ. ಅದನ್ನು ನಾನು ಮೊದಲ ದಿನವೇ ಮುಚ್ಚಿಬಿಟ್ಟೆ. ಗ್ರಹಕ್ಕೆ ಮುಖ ಬಂದ ಕೂಡಲೇ ಅದನ್ನು ಓಲೈಸಬೇಕೆನಿಸುತ್ತದೆ. ಓಲೈಕೆಗೂ ಆರೈಕೆಗೂ ಬಹಳ ಅಂತರವಿದೆ.

ಒಂದರ ಹಿಂದೆ ಒಂದರಂತೆ ಗ್ರಹಗಳನ್ನು ಹಾಳುಮಾಡಿಕೊಂಡ ಮೇಲೆ ನಾನು ಆಡುವುದನ್ನು ಬಿಟ್ಟು ಬರೆದಿಡಲು ಶುರುಮಾಡಿದೆ. ಯಾವ ಪಟ್ಟಿಯನ್ನು ಯಾವಾಗ ಎಷ್ಟು ಸರಿಸಿದೆ, ತಾಪ ಯಾವಾಗ ಬದಲಾಯಿತು ಎಂಬ ಎರಡೇ ಅಂಕಣಗಳ ಕೋಷ್ಟಕ. ಕೆಲವು ಸಂಜೆಗಳ ನಂತರ ಅದನ್ನು ಓದಿದಾಗ ನನ್ನ ದಡ್ಡತನ ಅಕ್ಷರಗಳಲ್ಲೇ ಕಾಣುತ್ತಿತ್ತು. ಪ್ರತಿ ಅನಾಹುತದಲ್ಲೂ ಮೊದಲ ಬದಲಾವಣೆ ಸರಿಯಾಗಿಯೇ ಇತ್ತು. ಕೆಡಿಸಿದ್ದು ಎರಡನೆಯದು, ಅಂದರೆ ಮೊದಲನೆಯದರ ಫಲ ಕೈಗೆ ಬರುವ ಮುನ್ನವೇ ‘ಏನೂ ಆಗಲಿಲ್ಲವಲ್ಲ’ ಎಂಬ ಕಸಿವಿಸಿಯಲ್ಲಿ ಮಾಡಿದ್ದು. ಮೂರನೆಯದು ಎರಡನೆಯದನ್ನು ತಿದ್ದಲು, ನಾಲ್ಕನೆಯದು ಮೂರನೆಯದನ್ನು ತಿದ್ದಲು. ಈ ಗ್ರಹ ಎಲ್ಲ ಪ್ರಶ್ನೆಗೂ ಉತ್ತರ ಕೊಡುತ್ತದೆ, ಆದರೆ ತಡವಾಗಿ ಕೊಡುತ್ತದೆ. ಅದು ಉತ್ತರಿಸುವ ಹೊತ್ತಿಗೆ ನಾನು ಬೇರೆಯೇ ಪ್ರಶ್ನೆಯನ್ನು ಕೇಳಿರುತ್ತಿದ್ದೆ.

ಈ ತಡವನ್ನು ಆಟದ ಕುಂದು ಎಂದುಕೊಂಡಿದ್ದವನಿಗೆ ನಿಜವಾದ ಭೂಮಿಯ ಲೆಕ್ಕವನ್ನು ಓದಿದಾಗ ಮಾತು ನಿಂತಿತು. ಸೂರ್ಯ ಹುಟ್ಟಿದ ಹೊಸದರಲ್ಲಿ ಇಂದಿನ ಬೆಳಕಿನ ಸುಮಾರು ಶೇ 70ರಷ್ಟನ್ನು ಮಾತ್ರ ಕೊಡುತ್ತಿದ್ದ. ಇಂದಿನ ಗಾಳಿಯೇ ಅಂದೂ ಇದ್ದಿದ್ದರೆ ಸಮುದ್ರಗಳು ಹೆಪ್ಪುಗಟ್ಟಬೇಕಿತ್ತು; ಆದರೆ ಅತಿ ಹಳೆಯ ಕಲ್ಲುಗಳಲ್ಲೂ ಹರಿಯುವ ನೀರಿನ ಗುರುತುಗಳಿವೆ. ಈ ಒಗಟನ್ನು 1972ರಲ್ಲಿ ವಿಜ್ಞಾನಿಗಳಾದ ಕಾರ್ಲ್ ಸಗಾನ್ ಮತ್ತು ಜಾರ್ಜ್ ಮುಲೆನ್ ಮುಂದಿಟ್ಟರು. 1981ರಲ್ಲಿ ವಾಕರ್, ಹೇಸ್ ಮತ್ತು ಕ್ಯಾಸ್ಟಿಂಗ್ ವಿವರಿಸಿದ ಒಂದು ಸುತ್ತು ಅದಕ್ಕೆ ಬಹುಪಾಲು ಉತ್ತರವನ್ನು ಕೊಡುತ್ತದೆ. ಜ್ವಾಲಾಮುಖಿಗಳು ಇಂಗಾಲದ ಡೈಆಕ್ಸೈಡನ್ನು ಉಗುಳುತ್ತವೆ; ಮಳೆ ಅದನ್ನು ಕರಗಿಸಿಕೊಂಡು ಬಂಡೆಗಳನ್ನು ಸವೆಸುತ್ತದೆ; ಸವೆದದ್ದು ನದಿಗಳ ಮೂಲಕ ಕಡಲು ಸೇರಿ ಸುಣ್ಣಕಲ್ಲಾಗಿ ತಳ ಹಿಡಿಯುತ್ತದೆ. ನೆಲ ಬಿಸಿಯಾದರೆ ಸವೆತ ಜೋರಾಗಿ ಅನಿಲ ಕಡಿಮೆಯಾಗುತ್ತದೆ, ತಂಪಾದರೆ ಸವೆತ ಕುಗ್ಗಿ ಅನಿಲ ಶೇಖರವಾಗುತ್ತದೆ. ಯಾರೂ ಕೈ ಹಾಕದೆ ತನ್ನಷ್ಟಕ್ಕೆ ನಡೆಯುವ ತಾಪನಿಯಂತ್ರಕ ಇದು. ಇದರ ಒಂದೇ ತೊಡಕೆಂದರೆ ಕೆಲಸ ಮುಗಿಸಲು ಲಕ್ಷಾಂತರ ವರ್ಷಗಳು ಬೇಕು. ಸುಮಾರು 5.6 ಕೋಟಿ ವರ್ಷಗಳ ಹಿಂದೆ ಇಂಗಾಲ ಒಮ್ಮೆಗೇ ಗಾಳಿಗೆ ನುಗ್ಗಿ ಭೂಮಿ ಐದು ಡಿಗ್ರಿಗೂ ಹೆಚ್ಚು ಬಿಸಿಯಾದಾಗ, ಮತ್ತೆ ಮೊದಲಿನ ಸ್ಥಿತಿಗೆ ಮರಳಲು ಲಕ್ಷ ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಮಂಜುಗಡ್ಡೆಯ ಕಡೆಯಿಂದ ನೋಡಿದರೂ ಇದೇ ಕತೆ. ಬಿಳಿಯ ಹಿಮ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಅದರಿಂದ ಇನ್ನಷ್ಟು ತಂಪು, ತಂಪಿನಿಂದ ಇನ್ನಷ್ಟು ಹಿಮ. ಹಿಮ ಒಂದು ಗಡಿಯನ್ನು ದಾಟಿ ಸಮಭಾಜಕದತ್ತ ಬಂದರೆ ಆಮೇಲೆ ತಡೆಯೇ ಇಲ್ಲ ಎಂದು 1969ರಲ್ಲಿ ಮಿಖಾಯಿಲ್ ಬುಡಿಕೊ ಮತ್ತು ವಿಲಿಯಂ ಸೆಲ್ಲರ್ಸ್ ಬೇರೆ ಬೇರೆಯಾಗಿ ಲೆಕ್ಕ ಹಾಕಿ ತೋರಿಸಿದ್ದರು. ನನ್ನ ಗ್ರಹ ಬಿದ್ದದ್ದು ಆ ಗುಂಡಿಗೇ. ಭೂಮಿಯೂ ಬಿದ್ದಿತ್ತು. ಸುಮಾರು 71.7 ಕೋಟಿ ವರ್ಷಗಳ ಹಿಂದೆ ಆರಂಭವಾದ ಒಂದು ಹಿಮಾವರಣ ಐದು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಬಿಡಲಿಲ್ಲ. ಬಂಡೆಗಳೆಲ್ಲ ಹಿಮದಡಿ ಹುದುಗಿ ಸವೆತ ಬಹುತೇಕ ನಿಂತಿದ್ದರಿಂದ ಜ್ವಾಲಾಮುಖಿಗಳ ಅನಿಲ ಗಾಳಿಯಲ್ಲೇ ಉಳಿಯುತ್ತ ಬಂತು, ಕೊನೆಗೆ ಆ ಬಿಸಿಯೇ ಹಿಮವನ್ನು ಕರಗಿಸಿತು. ಗಣಕವನ್ನು ಮುಚ್ಚಿ ಎದ್ದುಹೋಗಿದ್ದ ನಾನು ಆ ಗ್ರಹವನ್ನು ಹಾಗೆಯೇ ಓಡಲು ಬಿಟ್ಟಿದ್ದರೆ ಏನಾಗುತ್ತಿತ್ತೋ.

ಲವ್‌ಲಾಕ್ ಈ ಆಟದೊಳಗೆ ಬಂದದ್ದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1960ರ ದಶಕದಲ್ಲಿ ಅವರು ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯಕ್ಕಾಗಿ ಕೆಲಸ ಮಾಡುತ್ತಿದ್ದರು. ಮಂಗಳದಲ್ಲಿ ಜೀವವಿದೆಯೇ ಎಂದು ಪತ್ತೆ ಮಾಡುವುದು ಹೇಗೆಂಬುದು ಪ್ರಶ್ನೆ. ಅಲ್ಲಿಗೆ ಹೋಗಿ ಮಣ್ಣು ಕೆದಕಬೇಕಿಲ್ಲ, ಗಾಳಿಯನ್ನು ನೋಡಿದರೆ ಸಾಕು ಎಂಬುದು ಅವರ ವಾದವಾಗಿತ್ತು. ಮಂಗಳದ ಗಾಳಿಯಲ್ಲಿ ಶೇ 95ರಷ್ಟು, ಶುಕ್ರದ ಗಾಳಿಯಲ್ಲಿ ಶೇ 96ರಷ್ಟು ಇಂಗಾಲದ ಡೈಆಕ್ಸೈಡ್. ಎರಡೂ ರಾಸಾಯನಿಕವಾಗಿ ಸುಸ್ತಾಗಿ ಕುಳಿತ ಗಾಳಿಗಳು. ಭೂಮಿಯಲ್ಲಿ ಮಾತ್ರ ಶೇ 21ರಷ್ಟು ಆಮ್ಲಜನಕವೂ ಅದರೊಂದಿಗೆ ಒಂದೆಡೆ ಬಹುಕಾಲ ಇರಲಾರದ ಮೀಥೇನೂ ಜೊತೆಜೊತೆಗೆ ಇವೆ. ಯಾರೋ ಎಡೆಬಿಡದೆ ತಯಾರಿಸಿ ಸುರಿಯದಿದ್ದರೆ ಹೀಗಿರಲು ಸಾಧ್ಯವಿಲ್ಲ. ಆ ‘ಯಾರೋ’ ಎಂದರೆ ಜೀವರಾಶಿ. ಜೀವ ಈ ಗ್ರಹದ ಬಾಡಿಗೆದಾರನಷ್ಟೇ ಅಲ್ಲ, ಮನೆಯನ್ನು ಕಟ್ಟುತ್ತ ತಿದ್ದುತ್ತ ಇರುವ ಮೇಸ್ತ್ರಿಯೂ ಹೌದು ಎಂಬ ಈ ವಿಚಾರ, ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಜೊತೆಗೂಡಿ ಬೆಳೆಸಿದ ಮೇಲೆ, ಗಾಯಾ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು.

ಇದಕ್ಕೆ ತಕರಾರು ಬಾರದೆ ಇರಲಿಲ್ಲ. ಜೀವಿಗಳು ಸಭೆ ಸೇರಿ ಗ್ರಹದ ತಾಪವನ್ನು ನಿರ್ಧರಿಸುವುದುಂಟೇ ಎಂಬ ಧಾಟಿಯಲ್ಲಿ 1981ರಲ್ಲಿ ಜೀವವಿಜ್ಞಾನಿ ಫೋರ್ಡ್ ಡೂಲಿಟ್ಲ್ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವಾಗಿ ಆಂಡ್ರ್ಯೂ ವಾಟ್ಸನ್ ಮತ್ತು ಲವ್‌ಲಾಕ್ 1983ರಲ್ಲಿ ಒಂದು ಕಾಲ್ಪನಿಕ ಗ್ರಹವನ್ನು ಕಟ್ಟಿದರು. ಅದರಲ್ಲಿರುವುದು ಎರಡೇ ಜೀವಿಗಳು, ಬಿಳಿಯ ಡೇಸಿ ಹೂಗಳು ಮತ್ತು ಕಪ್ಪು ಡೇಸಿ ಹೂಗಳು. ಈ ಡೇಸಿಲೋಕ ಸಿಮ್‌ಅರ್ತ್‌ನೊಳಗೆ ಒಂದು ಸಿದ್ಧ ಗ್ರಹವಾಗಿಯೂ ಇದೆ. ಆಟದಲ್ಲಿ ಅದನ್ನು ನೋಡಿ ತೃಪ್ತಿಯಾಗದೆ ನಾನು ಸ್ಪ್ರೆಡ್‌ಶೀಟ್‌ನಲ್ಲಿ ನನ್ನದೇ ಒಂದು ಡೇಸಿಲೋಕವನ್ನು ಬರೆದುಕೊಂಡೆ. ಹತ್ತು ಹನ್ನೆರಡು ಅಂಕಣಗಳಲ್ಲಿ ಮುಗಿಯುವ ಕೆಲಸ, ಯಾರು ಬೇಕಾದರೂ ಮಾಡಬಹುದು.

ಬಿಳಿ ಹೂ ತನ್ನ ಮೇಲೆ ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಹೂ ಕಾಲು ಪಾಲನ್ನು, ಬರಿಯ ನೆಲ ಅರ್ಧವನ್ನು. ಎರಡೂ ಹೂಗಳು 5 ಡಿಗ್ರಿಗಿಂತ ಕೆಳಗೆ, 40 ಡಿಗ್ರಿಗಿಂತ ಮೇಲೆ ಬೆಳೆಯಲಾರವು, 22.5 ಡಿಗ್ರಿಯಲ್ಲಿ ಅತ್ಯಂತ ಹುಲುಸಾಗಿ ಬೆಳೆಯುತ್ತವೆ. ನಿಯಮಗಳು ಹೆಚ್ಚುಕಡಿಮೆ ಇಷ್ಟೇ. ಸೂರ್ಯನ ಬೆಳಕನ್ನು ಕಡಿಮೆಯಿಂದ ಆರಂಭಿಸಿ ಸಾಲು ಸಾಲಾಗಿ ಏರಿಸುತ್ತ ಹೋದೆ. ಮೊದಲು ಕಪ್ಪು ಹೂಗಳು ಹುಟ್ಟಿದವು, ಏಕೆಂದರೆ ಚಳಿಯಲ್ಲಿ ಬಿಸಿಯನ್ನು ಹೀರಿಕೊಳ್ಳಬಲ್ಲವು ಅವೇ. ಅವು ಹಬ್ಬಿದಂತೆ ನೆಲವೂ ಬೆಚ್ಚಗಾಯಿತು, ಆ ಬೆಚ್ಚನೆಯಲ್ಲಿ ಬಿಳಿಯವು ಕಣ್ಣು ತೆರೆದವು. ಆಮೇಲೆ ಸೂರ್ಯ ಏರುತ್ತ ಹೋದಂತೆ ಬಿಳಿಯವು ಹೆಚ್ಚಿ ಕಪ್ಪು ಕಡಿಮೆಯಾಗುತ್ತ ಬಂದವು. ತಾಪದ ಅಂಕಣದಲ್ಲಿ ನಾನು ನಿರೀಕ್ಷಿಸಿದ್ದು ಒಂದು ಸಮರೇಖೆ. ಕಂಡದ್ದು ಅದಕ್ಕಿಂತ ವಿಚಿತ್ರ: ಎರಡೂ ಹೂಗಳಿದ್ದಷ್ಟು ಕಾಲ, ಸೂರ್ಯ ಬಿಸಿಯಾದಂತೆ ಗ್ರಹ ತುಸು ತುಸು ತಂಪಾಗುತ್ತಿತ್ತು. ಸೂತ್ರದಲ್ಲಿ ತಪ್ಪಾಗಿದೆ ಎಂದು ಎರಡು ಬಾರಿ ತಿದ್ದಲು ಹೋದೆ. ತಪ್ಪಾಗಿರಲಿಲ್ಲ, ಆ ಮಾದರಿಯ ಗುಣವೇ ಅದು. ಸಭೆಯಿಲ್ಲ, ನಿರ್ಧಾರವಿಲ್ಲ, ಪ್ರತಿ ಹೂವೂ ತನ್ನ ಪಾಡಿಗೆ ತಾನು ಬೆಳೆದದ್ದಷ್ಟೆ.

ಹಾಗೆಂದು ಡೇಸಿಲೋಕವನ್ನು ಹೊತ್ತು ಮೆರೆಸಲು ನಾನು ಸಿದ್ಧನಿಲ್ಲ. ಅಲ್ಲಿನ ಹೂಗಳಿಗೆ ಹಿತವಾದದ್ದೇ ಗ್ರಹಕ್ಕೂ ಹಿತವಾಗುವಂತೆ ಮೊದಲೇ ಬಣ್ಣ ಹಚ್ಚಲಾಗಿದೆ. ನಿಜವಾದ ಜೀವ ಅಷ್ಟು ಸಾಧುವಲ್ಲ. ಸುಮಾರು 240 ಕೋಟಿ ವರ್ಷಗಳ ಹಿಂದೆ ಬೆಳಕಿನಿಂದ ಆಹಾರ ತಯಾರಿಸುವ ಸಯನೋಬ್ಯಾಕ್ಟೀರಿಯಾಗಳು ಉಗುಳಿದ ಆಮ್ಲಜನಕ ಗಾಳಿಯಲ್ಲಿ ನೆಲೆಯೂರಿದಾಗ, ಅದುವರೆಗೆ ಹಾಯಾಗಿದ್ದ ಅದೆಷ್ಟೋ ಜೀವಿಗಳಿಗೆ ಅದು ವಿಷವಾಗಿತ್ತು. ನಾವು ಉಸಿರಾಡುವುದು ಆ ವಿಷವನ್ನೇ. ಆರು ಯಂತ್ರಗಳನ್ನು ನೆಟ್ಟು ನಾನು ಮಾಡಿದ ಅನಾಹುತವನ್ನು ಅವು ಯಂತ್ರವಿಲ್ಲದೆಯೇ ಮಾಡಿದ್ದವು, ಆದರೆ ನಿಧಾನವಾಗಿ. ಕಬ್ಬಿಣವೂ ಜ್ವಾಲಾಮುಖಿ ಅನಿಲಗಳೂ ಬಹುಕಾಲ ಆಮ್ಲಜನಕವನ್ನು ನುಂಗುತ್ತ ಹೋದವು. ಆ ನಿಧಾನದಲ್ಲಿ ಕೆಲವು ಜೀವಿಗಳು ಅದನ್ನೇ ಉಣ್ಣಲು ಕಲಿತವು. ನನ್ನ ಗ್ರಹದ ಜೀವಿಗಳಿಗೆ ನಾನು ಕೊಡದೇ ಹೋದದ್ದು ಆ ಅವಧಿಯನ್ನು.

ಆಟ ಬರೀ ಗಂಭೀರವಲ್ಲ ಎಂಬುದನ್ನೂ ಹೇಳಬೇಕು. ಬುದ್ಧಿವಂತಿಕೆ ಸಸ್ತನಿಗಳಿಗೇ ಬರಬೇಕೆಂಬ ಕಟ್ಟುಪಾಡು ಇಲ್ಲಿಲ್ಲ. ಒಮ್ಮೆ ನನ್ನ ಗ್ರಹದಲ್ಲಿ ಮೃದ್ವಂಗಿಗಳು ನಗರ ಕಟ್ಟಿದವು. ಮಾಂಸಾಹಾರಿ ಗಿಡಗಳ ನಾಗರಿಕತೆಗೂ ಆಟದಲ್ಲಿ ಅವಕಾಶವಿದೆ. ಯಾರಿಗೆ ಬುದ್ಧಿ ಬಂದರೂ ಆಮೇಲಿನ ಆಟ ಬದಲಾಗುತ್ತದೆ. ಜೈವಿಕ ಇಂಧನ, ಸೌರ ಮತ್ತು ಗಾಳಿ, ಜಲ ಮತ್ತು ಭೂಶಾಖ, ಪಳೆಯುಳಿಕೆ ಇಂಧನ, ಪರಮಾಣು ಎಂದು ಅವರ ಶಕ್ತಿಯ ಮೂಲಗಳನ್ನು ಹಂಚಬೇಕು. ಬಂದ ಶಕ್ತಿಯನ್ನು ವಿಜ್ಞಾನ, ಕೃಷಿ, ವೈದ್ಯ, ಕಲೆ, ತತ್ತ್ವಚಿಂತನೆ ಎಂದು ಭಾಗ ಮಾಡಬೇಕು. ವೈದ್ಯಕ್ಕೆ ಕಡಿಮೆ ಕೊಟ್ಟರೆ ಪಿಡುಗು, ತತ್ತ್ವಕ್ಕೆ ಕಡಿಮೆ ಕೊಟ್ಟರೆ ಯುದ್ಧ. ತತ್ತ್ವಚಿಂತನೆಗೆ ಅಷ್ಟು ಬೆಲೆಯಿರುವ ಲೋಕವನ್ನು ನಾನು ಪರದೆಯ ಮೇಲೆ ಮಾತ್ರ ಕಂಡಿದ್ದೇನೆ. ಪಳೆಯುಳಿಕೆ ಇಂಧನಕ್ಕೆ ಹೆಚ್ಚು ಕೊಟ್ಟರೆ ನಾಗರಿಕತೆ ಜಿಗಿಯುತ್ತದೆ, ಗಾಳಿಯ ಅಂಕಿ ತೆವಳುತ್ತದೆ. ತೆವಳುವುದನ್ನು ನೋಡಿ ‘ಪರವಾಗಿಲ್ಲ’ ಎಂದುಕೊಳ್ಳುವುದು ಎಷ್ಟು ಸುಲಭವೆಂದು ನನಗೆ ಗೊತ್ತು, ಏಕೆಂದರೆ ನಾನು ಹಾಗೆಯೇ ಅಂದುಕೊಂಡೆ.

ಕಾಲದ ಗಡಿಯಾರ ಬದಲಾಗುವುದು ಈ ಹಂತದ ಕುತಂತ್ರ. ಲಕ್ಷ ವರ್ಷಗಳ ಹೆಜ್ಜೆಯಲ್ಲಿ ನಡೆಯುತ್ತಿದ್ದಾಗ ಬಂಡೆಗಳ ಸವೆತ ನನ್ನ ಬೆನ್ನಿಗಿತ್ತು, ಮಾಡಿದ ತಪ್ಪನ್ನು ಗ್ರಹವೇ ತೊಳೆದುಬಿಡುತ್ತಿತ್ತು. ವರ್ಷದ ಹೆಜ್ಜೆಗೆ ಇಳಿದ ಮೇಲೆ ಅದೇ ತಾಪನಿಯಂತ್ರಕ ಇದ್ದೂ ಇಲ್ಲದಂತೆ. ನಿಜಲೋಕದಲ್ಲಿ ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಇದನ್ನು ಕಲ್ಲಾಗಿಸುವ ಕೆಲಸ ಆರಂಭವಾಗಿಯೇ ಇದೆ, ಮಳೆ ಬಿದ್ದಲ್ಲೆಲ್ಲ ನಡೆಯುತ್ತಿದೆ. ಅದು ಮುಗಿಯುವ ದಿನಾಂಕ ಮಾತ್ರ ಯಾರ ಪಂಚಾಂಗದಲ್ಲೂ ಹಿಡಿಸುವಂಥದ್ದಲ್ಲ. ಕಡಲುಗಳು ನಿಧಾನವಾಗಿ ಬಿಸಿಯಾಗುವುದರಿಂದ ಇಂದಿನ ಹೊಗೆಯ ಪೂರ್ತಿ ಫಲ ಇಂದೇ ಕಾಣುವುದೂ ಇಲ್ಲ. ಅಂದರೆ ಆಟಗಾರನ ಸ್ಥಾನದಲ್ಲಿರುವವರು ಮೊದಲ ಯಂತ್ರವನ್ನು ನೆಟ್ಟು, ಅಂಕಿ ಮಿಸುಕದ್ದನ್ನು ನೋಡಿ, ಎರಡನೆಯದಕ್ಕೆ ಕೈ ಹಾಕುವ ಆ ಗಳಿಗೆಯಲ್ಲೇ ಇದ್ದಾರೆ. ಆಟದಲ್ಲಿ ನಾನು ಹಿಂದೆ ಉಳಿಸಿಟ್ಟ ಆಟವನ್ನು ತೆರೆದು ಮತ್ತೆ ಶುರುಮಾಡಬಹುದಿತ್ತು.

ತಂತ್ರಜ್ಞಾನದ ಯುಗವನ್ನು ಯಶಸ್ವಿಯಾಗಿ ದಾಟಿದರೆ ಆಟದಲ್ಲಿ ಒಂದು ವಿಚಿತ್ರ ಘಟನೆ ನಡೆಯುತ್ತದೆ. ನಗರಗಳೆಲ್ಲ ಒಟ್ಟಿಗೆ ಮೇಲೆದ್ದು ಆಕಾಶಕ್ಕೆ ಹೊರಟುಹೋಗುತ್ತವೆ, ಗ್ರಹ ಅಭಯಾರಣ್ಯವಾಗುತ್ತದೆ. ಇದನ್ನು ಬಹುಮಾನವೆಂದು ಆಟ ತೋರಿಸುತ್ತದೆ. ನನಗೆ ಅದು ನುಣುಚಿಕೊಂಡಂತೆ ಕಂಡಿತು. ಅಷ್ಟು ಹೊತ್ತು ಒಲೆಯ ಮುಂದೆ ಕುಳಿತವರನ್ನು, ಹದ ಬಂತು ಎನ್ನುವಾಗ ಮನೆಯಿಂದಲೇ ಎಬ್ಬಿಸಿ ಕಳಿಸಿದ ಹಾಗೆ. ಬುದ್ಧಿಯುಳ್ಳ ಜೀವಿ ಗ್ರಹದ ಮೇಲೆಯೇ ಇದ್ದುಕೊಂಡು ಅದನ್ನು ಕೆಡಿಸದೆ ಬಾಳುವುದನ್ನು ತೋರಿಸಲು ಆಟ ಕಟ್ಟಿದವರಿಗೆ ದಾರಿ ಸಿಗಲಿಲ್ಲವೋ, ಅಥವಾ ಅದು ನೋಡಲು ಬೇಸರದ ದೃಶ್ಯವೆನಿಸಿತೋ. ಏನೂ ಆಗದಿರುವುದನ್ನು ಪರದೆಯ ಮೇಲೆ ಬರೆಯುವುದು ಕಷ್ಟ, ಒಪ್ಪುತ್ತೇನೆ.

ಈಗಲೂ ಆಗಾಗ ಆಡುತ್ತೇನೆ. ಒಂದು ಬದಲಾವಣೆ ಮಾಡಿದ ಮೇಲೆ ಇಷ್ಟು ಕಾಲ ಕೈ ಕಟ್ಟಿ ಕೂರಬೇಕೆಂದು ನನಗೆ ನಾನೇ ಹಾಕಿಕೊಂಡ ಕಟ್ಟಳೆಯಿದೆ, ಅದನ್ನು ಮುರಿಯುವುದೂ ಉಂಟು. ಆದರೆ ಹೆಚ್ಚು ಹೊತ್ತು ಕಳೆಯುವುದು ಆ ಸ್ಪ್ರೆಡ್‌ಶೀಟ್‌ನ ಮುಂದೆ. ಅದರ ಕೊನೆಯ ಭಾಗವನ್ನು ಇನ್ನೂ ಹೇಳಿಲ್ಲ.

ಸೂರ್ಯನನ್ನು ಏರಿಸುತ್ತಲೇ ಹೋದೆನಷ್ಟೆ. ಇಂದಿನ ಬೆಳಕನ್ನು 1 ಎಂದಿಟ್ಟುಕೊಂಡರೆ, ಒಂದೂವರೆಯನ್ನು ದಾಟುವವರೆಗೂ ಬಿಳಿಯ ಹೂಗಳು ಗ್ರಹವನ್ನು ಹಿಡಿದು ನಿಲ್ಲಿಸಿದವು. ಕಪ್ಪು ಹೂಗಳು ಆ ವೇಳೆಗೆ ಒಂದೂ ಉಳಿದಿರಲಿಲ್ಲ, ತಾಪ 30 ಡಿಗ್ರಿಯ ಆಸುಪಾಸಿನಲ್ಲಿತ್ತು. ಮುಂದಿನ ಸಾಲಿನಲ್ಲಿ ಬಿಳಿಯವೂ ಇರಲಿಲ್ಲ. ತಾಪದ ಮನೆಯಲ್ಲಿ 60ಕ್ಕೂ ಹೆಚ್ಚಿನ ಅಂಕಿಯಿತ್ತು. ನಡುವೆ ಯಾವ ಎಚ್ಚರಿಕೆಯ ಸಾಲೂ ಇಲ್ಲ. ನನಗೆ ಅಭ್ಯಾಸವಾಗಿದ್ದ ಉಪಾಯವನ್ನೇ ಮಾಡಿದೆ, ಸೂರ್ಯನನ್ನು ಒಂದು ಸಾಲು ಹಿಂದಕ್ಕೆ ತಂದೆ. ಹೂ ಬರಲಿಲ್ಲ. ಹೂಗಳಿಲ್ಲದ ಬೋಳು ನೆಲ ಅದೇ ಬೆಳಕಿನಲ್ಲಿ ಬೀಜ ಮೊಳೆಯದಷ್ಟು ಕಾದಿತ್ತು. ಇನ್ನೊಂದು ಸಾಲು ಇಳಿಸಿದೆ, ಇನ್ನೂ ಒಂದು. 1.5 ಕಳೆಯಿತು, 1.4 ಕಳೆಯಿತು, 1.3 ಕೂಡ ಕಳೆಯಿತು. ಬಿಳಿಯ ಹೂಗಳು ಸೊಂಪಾಗಿ ಹಬ್ಬಿದ್ದ ಅವೇ ಬೆಳಕುಗಳಲ್ಲಿ ಈಗ ಅಂಕಣದ ತುಂಬ ಸೊನ್ನೆಗಳು. 1.2ರ ಹತ್ತಿರ ಬಂದಾಗ ಬೋಳು ನೆಲದ ತಾಪ 41 ಡಿಗ್ರಿಗೆ ಇಳಿದಿತ್ತು. ಬೆಳಕನ್ನು ಹಿಂದಕ್ಕೆ ಕಳಿಸುವ ಬಿಳಿ ಹೂ ಬೋಳು ನೆಲಕ್ಕಿಂತ ತಂಪಾಗಿರುವುದರಿಂದ, ಆ ಸಾಲಿನಲ್ಲಿ ಅದರ ಮನೆಯಲ್ಲಿ ಸೊನ್ನೆಯ ಬದಲು ಒಂದು ಸಣ್ಣ ದಶಮಾಂಶ ಕಾಣಿಸಿತು. ಲೆಕ್ಕವನ್ನು ಅಲ್ಲಿಯೇ ಸುತ್ತಲು ಬಿಟ್ಟು, ಯಾವ ಅಂಕಿಯನ್ನೂ ಮುಟ್ಟದೆ ನೋಡುತ್ತ ಕುಳಿತೆ. ದಶಮಾಂಶ ನಿಧಾನವಾಗಿ ದೊಡ್ಡದಾಯಿತು, ಸ್ವಲ್ಪ ಹೊತ್ತಿಗೆ ಕಪ್ಪು ಹೂವಿನ ಮನೆಯೂ ತುಂಬಿತು, ತಾಪ ಬಂದು 20ರಲ್ಲಿ ನಿಂತಿತು.